ಡಿಸೆಂಬರ್ ಪೂರ್ತಿ ಚರ್ಚ್ ಕೆಲಸ, ಪ್ರಾರ್ಥನೆಗೆ ಮಾತ್ರ ಪುರುಸೊತ್ತಿಲ್ಲ. ನಿಮ್ಮ ಮನೆಯಲ್ಲಿ ಹೇಗೆ?

ಹೇಮಾವತಿ_ದಂಡೆ:

ಎಲ್ಲರಿಗೂ ನಮಸ್ಕಾರ. ನಾವು ಹಾಸನ ಕಡೆಯ ಕ್ಯಾಥೋಲಿಕರು, ಈಗ ಇರುವುದು ಬೆಂಗಳೂರಿನಲ್ಲಿ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಗಳು ನಾಲ್ಕನೇ ಕ್ಲಾಸು, ಮಗ ಯುಕೆಜಿ. ಅತ್ತೆ ನಮ್ಮ ಜೊತೆಗೇ ಇದ್ದಾರೆ.

ಹಬ್ಬ ಹತ್ತಿರ ಬಂದ ಕೂಡಲೇ ಪ್ರಸಂಗದಲ್ಲಿ ಒಂದು ಮಾತು ಬಂದೇ ಬರುತ್ತದೆ. ಕ್ರಿಸ್ಮಸ್ಸನ್ನು ಮಾಲ್‌ಗಳು ಕಿತ್ತುಕೊಂಡವು, ಸಾಂಟಾ ಬಂದು ಯೇಸುವನ್ನು ಪಕ್ಕಕ್ಕೆ ತಳ್ಳಿದ, ಅಂತ. ಇರಬಹುದು. ಆದರೆ ನಾವು ಮಾಲ್‌ಗೆ ಹೋಗುವುದೇ ಅಪರೂಪ. ನಮ್ಮ ಡಿಸೆಂಬರನ್ನು ತಿಂದು ಹಾಕುತ್ತಿರುವುದು ನಮ್ಮದೇ ಧರ್ಮಕೇಂದ್ರದ ಕಾರ್ಯಕ್ರಮಗಳು. ನೀವೇ ನೋಡಿ. ವಾರ್ಡ್‌ಗಳ ನಡುವೆ ಕ್ಯಾರಲ್ (ಕ್ರಿಸ್ಮಸ್ ಹಾಡು) ಸ್ಪರ್ಧೆ, ಅದಕ್ಕೆ ವಾರದಲ್ಲಿ ಮೂರು ಸಂಜೆ ಪ್ರಾಕ್ಟೀಸು, ಎಲ್ಲರಿಗೂ ಒಂದೇ ಬಣ್ಣದ ಸೀರೆ. ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಸ್ಪರ್ಧೆ. ನಕ್ಷತ್ರ ಸ್ಪರ್ಧೆ. ಮನೆಮನೆ ಕ್ಯಾರಲ್, ಜೊತೆಗೆ ಒಬ್ಬ ಸಾಂಟಾ (ಮಾಲ್ ಸಾಂಟಾನನ್ನು ಬೈಯುವವರೇ ಇವನಿಗೆ ವೇಷ ಬಾಡಿಗೆಗೆ ತರುತ್ತಾರೆ). ಮಹಿಳಾ ಸಂಘದ ಕೇಕ್ ಮಾರಾಟ, ಯುವಕರ ಹೌಸಿ, ಲಕ್ಕಿ ಡ್ರಾ ಕೂಪನ್ ಪುಸ್ತಕ, ಅದನ್ನು ಹಿಡಿದುಕೊಂಡು ನಾನು ಆಫೀಸಿನಲ್ಲಿ ಟೇಬಲ್ ಟೇಬಲ್ ಸುತ್ತಬೇಕು.

ಕಳೆದ ವರ್ಷ ನಮ್ಮ ವಾರ್ಡಿನ ಗೋದಲಿಯಲ್ಲಿ ಜಲಪಾತ ಇತ್ತು, ತಿರುಗುವ ಗಾಳಿಯಂತ್ರ ಇತ್ತು, ಹೊಗೆ ಬಿಡುವ ಮೆಷಿನ್ ಕೂಡ ಇತ್ತು. 24ರ ರಾತ್ರಿ ಒಳಗೆ ಪೂಜೆ ನಡೆಯುವಾಗ ನನ್ನ ಗಂಡ ಹೊರಗೆ, ಮೋಟರ್ ಕೈಕೊಡದ ಹಾಗೆ ಕಾಯುತ್ತಾ ನಿಂತಿದ್ದರು. ಶುಭಸಂದೇಶ ಓದುವ ಹೊತ್ತಿಗೆ ಮಕ್ಕಳಿಬ್ಬರೂ ನನ್ನ ಮೇಲೆ ಒರಗಿ ನಿದ್ದೆ. ಪರಮಪ್ರಸಾದ ತೆಗೆದುಕೊಂಡು ಬಂದು ಕೂತರೆ ತಲೆಯಲ್ಲಿ ಬೆಳಿಗ್ಗೆ ಮಟನ್ ಅಂಗಡಿ ಎಷ್ಟು ಗಂಟೆಗೆ ತೆಗೆಯುತ್ತದೆ ಅನ್ನೋ ಲೆಕ್ಕ. ಗೋದಲಿಗೆ ಎರಡನೇ ಬಹುಮಾನ ಬಂತು. ಮೊದಲನೇದು ಯಾಕೆ ಬರಲಿಲ್ಲ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಜನವರಿವರೆಗೂ ಜಗಳ.

ಊರಿನಲ್ಲಿ ಎಲ್ಲ ಚೆನ್ನಾಗಿತ್ತು ಅಂತ ಹೇಳುತ್ತಿಲ್ಲ. ಅಲ್ಲೂ ಇಸ್ಪೀಟು, ಕುಡಿತ ಎಲ್ಲ ಇತ್ತು. ನನ್ನ ಪ್ರಶ್ನೆ ಇಷ್ಟೇ: ಏನನ್ನು ಬಿಡಬಹುದು, ಅದರ ಜಾಗದಲ್ಲಿ ಏನನ್ನು ಇಟ್ಟುಕೊಳ್ಳಬಹುದು? ಫಾದರ್ ಜೊತೆಗೂ ಅತ್ತೆ ಜೊತೆಗೂ ಮುಖ ಕೆಡಬಾರದು. ಮಕ್ಕಳಿಗೆ ಇದು ಶಿಕ್ಷೆ ಅನ್ನಿಸಬಾರದು. ಸುಮ್ನೆ "ಯೇಸುವನ್ನು ಹೃದಯದಲ್ಲಿ ಇಟ್ಟುಕೊಳ್ಳಿ ಸಿಸ್ಟರ್" ಅನ್ನೋ ಉತ್ತರ ದಯವಿಟ್ಟು ಬೇಡ. ನೀವು ಮಾಡಿ ನೋಡಿರುವುದನ್ನು ಹೇಳಿ.

ಬರೀ_ವಾಕ್ಯ:

ಬೈಬಲಿನಲ್ಲಿ ಡಿಸೆಂಬರ್ 25 ಎಲ್ಲಿದೆ ಸಿಸ್ಟರ್? ಹಬ್ಬ ಮಾಡಿ ಅಂತ ಯೇಸು ಹೇಳಿದ್ದಾರಾ? ನಾವು ಮನೆಯಲ್ಲಿ ಆಚರಿಸುವುದನ್ನೇ ಬಿಟ್ಟೆವು. ಆರಾಮಾಗಿದ್ದೇವೆ.

ನಿವೃತ್ತ_ಉಪದೇಶಿ:

ಮೊದಲು ಬ್ರದರ್‌ಗೆ ಒಂದು ಮಾತು. ತಾರೀಖು ಬೈಬಲಿನಲ್ಲಿ ಇಲ್ಲ, ಸರಿ. ಯಾರೂ ಇದೆ ಅಂತ ಹೇಳಿಲ್ಲ. ರೋಮಿನಲ್ಲಿ 354ರಲ್ಲಿ ಸಿದ್ಧವಾದ ಒಂದು ಪಂಚಾಂಗದಂಥ ಪುಸ್ತಕದಲ್ಲಿ ಡಿಸೆಂಬರ್ 25 ಅಂತ ಬರೆದಿದೆ, ಅಷ್ಟು ಹಳೆಯದು. ಹುಟ್ಟಿದ ತಾರೀಖು ಗೊತ್ತಿಲ್ಲ ಅಂತ ಹುಟ್ಟಿದ್ದನ್ನೇ ನೆನೆಯಬಾರದು ಅಂದರೆ ಹೇಗೆ? ನಮ್ಮ ತಾತಂದಿರ ಹುಟ್ಟಿದ ದಿನ ಎಷ್ಟು ಜನಕ್ಕೆ ಗೊತ್ತಿತ್ತು? ಇದನ್ನು ಇಲ್ಲಿಗೇ ಬಿಡೋಣ, ಅಮ್ಮ ಕೇಳಿದ್ದು ಬೇರೆ.

ನೋಡಮ್ಮ, ನಿಮ್ಮ ಕಷ್ಟದ ಬೇರು ಒಂದೇ. ಆಗಮನ ಕಾಲದಲ್ಲೇ ಕ್ರಿಸ್ಮಸ್ ಮಾಡಿ ಮುಗಿಸುತ್ತಿದ್ದೇವೆ. ಬೆಂಗಳೂರು, ಮೈಸೂರು ಎಲ್ಲ ಕಡೆ ಇದೇ ಕತೆ. ನವೆಂಬರ್ 30ರ ಸಂತ ಅಂದ್ರೆಯರ ಹಬ್ಬಕ್ಕೆ ಹತ್ತಿರ ಇರುವ ಭಾನುವಾರ ಆಗಮನ ಕಾಲ ಶುರು. ಅಲ್ಲಿಂದ 24ರ ಸಂಜೆಯವರೆಗೆ ಕಾಯುವ ಕಾಲ. ಗುರುಗಳು ನೇರಳೆ ಬಣ್ಣದ ಉಡುಪು ಹಾಕುತ್ತಾರೆ. ಭಾನುವಾರದ ಪೂಜೆಯಲ್ಲಿ ಗ್ಲೋರಿಯ ಹಾಡುವುದಿಲ್ಲ, ಗಮನಿಸಿದ್ದೀರಾ? ದೇವದೂತರು ಕುರುಬರಿಗೆ ಹಾಡಿದ ಹಾಡು ಅದು. ಅದನ್ನು ಆ ರಾತ್ರಿಗೇ ಹಾಡಲಿ ಅಂತ ಎತ್ತಿಟ್ಟಿರುತ್ತಾರೆ. ಪೂಜೆಯಲ್ಲಿ ಹೀಗೆ ನಾಲ್ಕು ಭಾನುವಾರ ಬಾಯಿ ಕಟ್ಟಿಕೊಂಡು, ಪೂಜೆ ಮುಗಿದ ಮೇಲೆ ಅದೇ ಅಂಗಳದಲ್ಲಿ ಡಿಸೆಂಬರ್ 10ಕ್ಕೇ ಕ್ಯಾರಲ್ ಸ್ಪರ್ಧೆ ಇಟ್ಟು "ಇಂದು ಹುಟ್ಟಿದನು" ಅಂತ ಮೈಕಿನಲ್ಲಿ ಕೂಗಿಸುತ್ತೇವೆ. 25ಕ್ಕೆ ಮಕ್ಕಳಿಗೆ ಹೊಸದು ಅಂತ ಏನು ಉಳಿಯಬೇಕು?

ಇನ್ನೊಂದು ಕಡೆ ನೋಡಿ. ಹಬ್ಬ ಶುರುವಾಗುವುದೇ 24ರ ಸಂಜೆ. ಯೇಸುವಿನ ದೀಕ್ಷಾಸ್ನಾನದ ಹಬ್ಬದವರೆಗೆ, ಅಂದರೆ ಜನವರಿ ಎರಡನೇ ವಾರದ ಹೊತ್ತಿನವರೆಗೆ ಕ್ರಿಸ್ಮಸ್ ಕಾಲವೇ. 26 ಸಂತ ಸ್ತೇಫನರದು, ಕಲ್ಲೇಟು ತಿಂದು ಸತ್ತ ಮೊದಲ ಸಾಕ್ಷಿ. 28 ರಾಜ ಹೆರೋದನು ಕೊಲ್ಲಿಸಿದ ಕೂಸುಗಳ ದಿನ. ಹುಟ್ಟಿದ ಸಂಭ್ರಮದ ಪಕ್ಕದಲ್ಲೇ ಸಭೆ ಇವನ್ನು ಇಟ್ಟಿದೆ, ಸುಮ್ನೆ ಇಟ್ಟಿಲ್ಲ. ಆದರೆ ಅಷ್ಟು ಹೊತ್ತಿಗೆ ನಾವು ಸುಸ್ತಾಗಿ ಮಲಗಿರುತ್ತೇವೆ.

ಮಾಡಬೇಕಾದ್ದು ಕಡಿಮೆ ಮಾಡುವುದಲ್ಲ, ಜಾಗ ಬದಲಿಸುವುದು. ನಮ್ಮ ಧರ್ಮಕೇಂದ್ರದ ಸಭೆಯಲ್ಲಿ ನಾನು ಹಟ ಹಿಡಿದು ಒಂದು ಕೆಲಸ ಮಾಡಿಸಿದೆ. ಗೋದಲಿ ನೋಡಲು ತೀರ್ಪುಗಾರರು ಬರುವುದು ಈಗ ಮೂರು ರಾಜರ ಹಬ್ಬದ ಭಾನುವಾರ, ಜನವರಿ ಮೊದಲ ವಾರದಲ್ಲಿ. (ಮತ್ತಾಯನು ಮೂವರು ಅಂತಲೂ ಹೇಳಿಲ್ಲ, ರಾಜರು ಅಂತಲೂ ಹೇಳಿಲ್ಲ, ಇರಲಿ.) ಕ್ಯಾರಲ್ ಕಾರ್ಯಕ್ರಮವನ್ನೂ 27, 28ಕ್ಕೆ ಹಾಕಿದೆವು. ಮೊದಲ ವರ್ಷ ಗೊಣಗಿದರು. ಆಮೇಲೆ ಶಾಲೆ ರಜೆ, ಪರೀಕ್ಷೆಯ ಗಲಾಟೆ ಇಲ್ಲ, ಜನ ಮೊದಲಿಗಿಂತ ಜಾಸ್ತಿಯೇ ಬಂದರು. ನಿಮ್ಮ ಫಾದರ್‌ಗೆ ದೂರು ಅಂತ ಹೇಳಬೇಡಿ, ತಾರೀಖು ಬದಲಿಸೋಣವೇ ಅಂತ ಕೇಳಿ ನೋಡಿ. ಅಕ್ಟೋಬರಿನಲ್ಲೇ ಕೇಳಿ. ನವೆಂಬರ್ ಬಂದರೆ ಬ್ಯಾನರ್ ಪ್ರಿಂಟ್ ಆಗಿರುತ್ತದೆ.

ಮನೆಗೆ: ಆಗಮನ ಕಾಲದ ವರ್ತುಲ ಇಟ್ಟುಕೊಳ್ಳಿ. ನಾಲ್ಕು ಮೇಣದಬತ್ತಿ, ವಾರಕ್ಕೊಂದು ಹಚ್ಚುವುದು. ಇದು ಶುರುವಾದದ್ದು 1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ. ವಿಚೆರ್ನ್ ಅಂತ ಒಬ್ಬರು ಲುಥೆರನ್ ಪಾಸ್ಟರ್, ಬಡ ಮಕ್ಕಳನ್ನು ಇಟ್ಟುಕೊಂಡು ಸಾಕುತ್ತಿದ್ದರು. ಕ್ರಿಸ್ಮಸ್ ಯಾವಾಗ, ಕ್ರಿಸ್ಮಸ್ ಯಾವಾಗ ಅಂತ ಮಕ್ಕಳ ಕಾಟ. ಅವರು ಗಾಡಿಯ ಹಳೇ ಚಕ್ರಕ್ಕೆ ವಾರದ ದಿನಗಳಿಗೆ ಸಣ್ಣ ಕೆಂಪು ಬತ್ತಿ, ಭಾನುವಾರಕ್ಕೆ ದೊಡ್ಡ ಬಿಳಿ ಬತ್ತಿ ಅಂತ ಸಿಕ್ಕಿಸಿ ದಿನಕ್ಕೊಂದು ಹಚ್ಚಿಸಿದರು. ನಿಮ್ಮ ಮನೆಗೆ ಚಕ್ರ ಬೇಡ, ಒಂದು ತಟ್ಟೆ ಸಾಕು. ಊಟಕ್ಕೆ ಮುಂಚೆ ಲೈಟ್ ಆರಿಸಿ, ಚಿಕ್ಕವನ ಕೈಯಲ್ಲಿ ಬತ್ತಿ ಹಚ್ಚಿಸಿ, ಒಂದು ಓದು, ಒಂದು ಪರಲೋಕ ಮಂತ್ರ. ಹತ್ತು ನಿಮಿಷಕ್ಕಿಂತ ಉದ್ದ ಮಾಡಬೇಡಿ, ಮಕ್ಕಳು ಓಡಿ ಹೋಗುತ್ತಾರೆ.

ಕುಡ್ಲದ_ಬಾಯಮ್ಮ:

ಉಪದೇಶಿ ಮಾಸ್ಟ್ರು ಚೆನ್ನಾಗಿ ಬರೆದಿದ್ದಾರೆ. ಆದರೆ ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕಾಯುವ ಕಾಲ, ಮೌನ, ಧ್ಯಾನ ಅಂತ ಹೇಳುವವರೆಲ್ಲ ಗಂಡಸರೇ ಯಾಕೆ? ಆ ಹೊತ್ತಿನಲ್ಲಿ ಎಣ್ಣೆ ಬಾಣಲೆ ಮುಂದೆ ಯಾರು ನಿಂತಿರುತ್ತಾರೆ?

ನಾನು ಮಂಗಳೂರಿನವಳು. ನಮ್ಮಲ್ಲಿ ಕುಸ್ವಾರ್ ಇಲ್ಲದೆ ಹಬ್ಬ ಇಲ್ಲ. ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕ್ಕೀಸ್, ಚಕ್ಕುಲಿ, ಎಳ್ಳುಂಡೆ, ಕೇಕು. "ತಿಂಡಿ ಗಿಂಡಿ ಬಿಡಿ, ಯೇಸುವನ್ನು ನೆನೆಯಿರಿ" ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಕುಸ್ವಾರ್ ನಾವು ತಿನ್ನಲು ಮಾತ್ರ ಮಾಡುವುದಲ್ಲ. ತಟ್ಟೆಯಲ್ಲಿ ಜೋಡಿಸಿ, ಮೇಲೆ ಬಟ್ಟೆ ಮುಚ್ಚಿ, ಮಕ್ಕಳ ಕೈಯಲ್ಲಿ ಅಕ್ಕಪಕ್ಕದ ಮನೆಗಳಿಗೆ ಕಳಿಸುತ್ತೇವೆ. ಪಕ್ಕದ ಶೆಟ್ರ ಮನೆ, ಎದುರಿನ ಬ್ಯಾರಿಗಳ ಮನೆ. ದೀಪಾವಳಿಗೆ, ಈದ್‌ಗೆ ಅವರ ತಟ್ಟೆ ನಮ್ಮ ಮನೆಗೆ ಬಂದಿರುತ್ತದೆ. ನಮ್ಮ ಹಬ್ಬ ಏನು ಅಂತ ಆ ಮನೆಯವರಿಗೆ ಗೊತ್ತಾಗಿರುವುದು ಪ್ರಸಂಗದಿಂದ ಅಲ್ಲ, ಆ ತಟ್ಟೆಯಿಂದ. ಈಗಂತೂ, ಒಬ್ಬರ ಮನೆಯದು ಇನ್ನೊಬ್ಬರು ತಿನ್ನುವುದಕ್ಕೂ ಹಿಂದೆ ಮುಂದೆ ನೋಡುವ ಕಾಲದಲ್ಲಿ, ನಾನು ಆ ತಟ್ಟೆ ಮಾತ್ರ ನಿಲ್ಲಿಸುವುದಿಲ್ಲ.

ನನ್ನ ಅಮ್ಮ ಕಿಡಿಯೊ ಸುತ್ತಲು ಮನೆಯ ಎಲ್ಲರನ್ನೂ ಕೂರಿಸುತ್ತಿದ್ದಳು. ಫೋರ್ಕಿನ ಬೆನ್ನಿಗೆ ಸಣ್ಣ ಹಿಟ್ಟಿನ ಉಂಡೆ ಒತ್ತಿ ಸುರುಳಿ ಮಾಡುವುದು. ಕೈ ಕೆಲಸ ಮಾಡುತ್ತಿರುತ್ತದೆ, ಬಾಯಿ ಖಾಲಿ. ಅಷ್ಟರಲ್ಲಿ ಜಪಮಾಲೆ ಮುಗಿಯುತ್ತಿತ್ತು, ಮರಿಯಮ್ಮ ಎಲಿಜಬೆತ್ತಳನ್ನು ನೋಡಲು ಹೋದ ಕತೆಯೂ ಆಗುತ್ತಿತ್ತು. ಅದು ಎರಡು ಬಸುರಿ ಹೆಂಗಸರು ಭೇಟಿಯಾದ ಕತೆ, ಅಡಿಗೆಮನೆಯಲ್ಲಿ ಕೇಳಿದರೇ ಚೆಂದ.

ಹೇಮಾವತಿ ಬಾಯಿ, ಎಲ್ಲವನ್ನೂ ಮಾಡಲು ಹೋಗಬೇಡಿ. ಎರಡು ಬಗೆ ಮನೆಯಲ್ಲಿ ಮಾಡಿ, ಉಳಿದದ್ದು ಬೇಕರಿಯಿಂದ ತನ್ನಿ, ಯಾರೂ ನರಕಕ್ಕೆ ಹೋಗುವುದಿಲ್ಲ. ಆದರೆ ಆ ಎರಡು ಬಗೆಗೆ ಗಂಡನನ್ನೂ ಕೂರಿಸಿ. ಮೋಟರ್ ಕಾಯುವವರಿಗೆ ನೆವ್ರಿ ಮಡಚಲು ಬರುವುದಿಲ್ವಾ?

ರಾತ್ರಿ_ಪಾಳಿ:

ಅಕ್ಕಾ, ನಾನು ಸ್ಟಾಫ್ ನರ್ಸ್. ನಮ್ಮ ವಾರ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕ್ರೈಸ್ತರೇ, 24ರ ರಾತ್ರಿ ಎಲ್ಲರಿಗೂ ರಜೆ ಬೇಕು, ಎಲ್ಲರಿಗೂ ಸಿಗಲು ಸಾಧ್ಯವೇ ಇಲ್ಲ. ಮದುವೆ ಆಗದವರಿಗೆ ಡ್ಯೂಟಿ ಹಾಕುತ್ತಾರೆ, ಅಂದರೆ ನನಗೆ. ಮೊದಮೊದಲು ಅಳು ಬರುತ್ತಿತ್ತು.

ಆಮೇಲೆ ನನಗೆ ಗೊತ್ತಾದದ್ದು, ಕ್ರಿಸ್ಮಸ್‌ಗೆ ನಡುರಾತ್ರಿ ಪೂಜೆ ಒಂದೇ ಅಲ್ಲ. ನಸುಕಿನ ಪೂಜೆ ಬೇರೆ ಇದೆ, ಹಗಲಿನ ಪೂಜೆ ಬೇರೆ ಇದೆ, ಒಂದೊಂದಕ್ಕೂ ಬೇರೆ ಬೇರೆ ಓದು. ನಸುಕಿನದಕ್ಕೆ ಕುರುಬರ ಪೂಜೆ ಅಂತಲೇ ಹೆಸರು. ಅವರು ಓಡೋಡಿ ಬಂದು ಕೂಸನ್ನು ನೋಡಿದ ಭಾಗ ಓದುತ್ತಾರೆ, ಲೂಕ 2:15ರಿಂದ. ಕುರುಬರೂ ಆ ರಾತ್ರಿ ಡ್ಯೂಟಿಯಲ್ಲೇ ಇದ್ದವರು ಅಲ್ವಾ! ನಾನು ಪಾಳಿ ಮುಗಿಸಿ, ಅದೇ ಮುಖದಲ್ಲಿ ಹೋಗುತ್ತೇನೆ. ಹೊಸ ಬಟ್ಟೆ ಇಲ್ಲ, ಸೆಲ್ಫಿ ಇಲ್ಲ, ಬ್ಯಾಂಡ್ ಇಲ್ಲ. ಮುದುಕರು, ಸೆಕ್ಯುರಿಟಿಯವರು, ನಮ್ಮಂಥವರು ಒಂದಷ್ಟು ಜನ. ಈಗ ರಜೆ ಸಿಕ್ಕರೂ ನನಗೆ ಅದೇ ಬೇಕು ಅನ್ನಿಸುತ್ತದೆ.

ಯುಕೆಜಿ ಮಗುವನ್ನು ನಡುರಾತ್ರಿ ಯಾಕೆ ಎಳೆದುಕೊಂಡು ಹೋಗುತ್ತೀರಿ? ಚೆನ್ನಾಗಿ ಮಲಗಿಸಿ, ಬೆಳಿಗ್ಗೆ ಕರೆದುಕೊಂಡು ಹೋಗಿ. ಅದೂ ಪೂರ್ತಿ ಪೂಜೆಯೇ, ಕಡಿಮೆಯದಲ್ಲ. ಅತ್ತೆಗೆ ರಾತ್ರಿಯದೇ ಬೇಕು ಅಂದರೆ ಅವರನ್ನು ಅಣ್ಣ ಕರೆದುಕೊಂಡು ಹೋಗಲಿ. ಇನ್ನೊಂದು, ಪಾಪನಿವೇದನೆಗೆ 23ಕ್ಕೆ ಕ್ಯೂ ನಿಲ್ಲಬೇಡಿ. ಆಗಮನ ಕಾಲದ ಎರಡನೇ ವಾರದಲ್ಲಿ ವಾರದ ಮಧ್ಯೆ ಹೋದರೆ ಫಾದರ್‌ಗೂ ಕೇಳಲು ಸಮಯ ಇರುತ್ತದೆ.

ಮಾಜಿ_ಯುವಕ:

ಎಲ್ಲರೂ ಗೋದಲಿ ಸ್ಪರ್ಧೆಯ ಮೇಲೆ ಬಿದ್ದಿದ್ದೀರಲ್ಲ, ನಾನು ಅದರ ಪರ. ಸ್ಪರ್ಧೆ ನಿಲ್ಲಿಸಿದರೆ ಆ ಹುಡುಗರು ಜಪಮಾಲೆಗೆ ಬಂದು ಕೂರುತ್ತಾರೆ ಅಂದುಕೊಂಡಿದ್ದೀರಾ? ವರ್ಷಪೂರ್ತಿ ಚರ್ಚಿನ ಕಾಂಪೌಂಡ್ ಹತ್ತಿರ ಸುಳಿಯದವರು ಗೋದಲಿ ಕಟ್ಟಲು ಮಾತ್ರ ಬರುತ್ತಾರೆ, ಬಿದಿರು ಕಡಿಯುತ್ತಾರೆ, ರಾತ್ರಿ ಎರಡು ಗಂಟೆವರೆಗೆ ಇರುತ್ತಾರೆ. ಅವರಿಗೆ ಅದೇ ಬಾಗಿಲು.

ಆದರೆ ಜಲಪಾತ, ಹೊಗೆ ಮೆಷಿನ್ ವಿಷಯಕ್ಕೆ ನಿಮ್ಮ ಮಾತು ಒಪ್ಪುತ್ತೇನೆ. ಗೋದಲಿಯ ಮೂಲ ನೋಡಿ. 1223ರಲ್ಲಿ ಇಟಲಿಯ ಗ್ರೆಚ್ಚೊ ಅನ್ನುವ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಮಾಡಿಸಿದ್ದು. ಅಲ್ಲಿ ಬೊಂಬೆಗಳೇ ಇರಲಿಲ್ಲ. ಒಂದು ಮೇವಿನ ತೊಟ್ಟಿ, ಹುಲ್ಲು, ಒಂದು ಎತ್ತು, ಒಂದು ಕತ್ತೆ, ಅಲ್ಲೇ ಬಲಿಪೂಜೆ. ಊರಿನ ಜನ ಪಂಜು ಹಿಡಿದುಕೊಂಡು ಬಂದರು. ದೇವರು ಎಷ್ಟು ಬಡತನದಲ್ಲಿ ಹುಟ್ಟಿದ ಅಂತ ಕಣ್ಣಾರೆ ನೋಡಬೇಕು ಅನ್ನುವುದೇ ಫ್ರಾನ್ಸಿಸರ ಆಸೆ. ಪೋಪ್ ಫ್ರಾನ್ಸಿಸ್ 2019ರ ಡಿಸೆಂಬರ್ 1ಕ್ಕೆ ಅದೇ ಊರಿಗೆ ಹೋಗಿ ಗೋದಲಿ ಬಗ್ಗೆ ಒಂದು ಪತ್ರಕ್ಕೆ ಸಹಿ ಹಾಕಿದರು, ಮನೆಮನೆಯಲ್ಲಿ ಇದನ್ನು ಉಳಿಸಿಕೊಳ್ಳಿ ಅಂತ.

ನಮ್ಮಲ್ಲಿ ನಿಯಮ ಬದಲಿಸಿದೆವು. ಕರೆಂಟಿನ ಮೋಟರ್ ಇಲ್ಲ, ಥರ್ಮಾಕೋಲ್ ಇಲ್ಲ, ಖರ್ಚು 3000 ರೂಪಾಯಿ ದಾಟಬಾರದು. ತೀರ್ಪುಗಾರರು ಬಂದಾಗ ಕಟ್ಟಿದ ಹುಡುಗರೇ ನಿಂತು ಯಾಕೆ ಹೀಗೆ ಕಟ್ಟಿದೆವು ಅಂತ ಹೇಳಬೇಕು, ಒಟ್ಟು ಅಂಕದಲ್ಲಿ ಅರ್ಧ ಅದಕ್ಕೇ. ಒಬ್ಬ ಹುಡುಗ ಇದಕ್ಕಾಗಿ ಮತ್ತಾಯನ ಎರಡನೇ ಅಧ್ಯಾಯ ಓದಿಕೊಂಡು ಬಂದು, ಯೇಸುವಿನ ಸಂಸಾರ ಈಜಿಪ್ಟಿಗೆ ಓಡಿ ಹೋದದ್ದನ್ನು ವಲಸೆ ಕೂಲಿಗಳ ತಗಡಿನ ಶೆಡ್ ಕಟ್ಟಿ ತೋರಿಸಿದ. ತೀರ್ಪುಗಾರರಲ್ಲಿ ಇಬ್ಬರಿಗೆ ಅದು ಹಿಡಿಸಲಿಲ್ಲ, ಅದು ಬೇರೆ ಮಾತು. ಉಳಿದ ಹಣ ವಿನ್ಸೆಂಟ್ ದೆ ಪಾವ್ಲ್ ಸಭೆಗೆ ಹೋಗುತ್ತದೆ, ಅವರು ಅಕ್ಕಿ, ಔಷಧಿ ಅಂತ ಯಾರಿಗೆ ಬೇಕೋ ಅವರಿಗೆ ಮುಟ್ಟಿಸುತ್ತಾರೆ.

ಧಾರವಾಡ_ಮಂದಿ:

ಅಕ್ಕಾರ, ನಾವು ಸಿಎಸ್ಐ ಪ್ರಾಟೆಸ್ಟೆಂಟರು, ಬಾಸೆಲ್ ಮಿಷನ್ ಕಾಲದಿಂದ ಇರುವ ಮನೆತನ. ನಮ್ಮಲ್ಲಿ ಒಂದು ಸರಳ ರೂಢಿ ಇದೆ, ಬೇಕಾದರೆ ತಗೊಳ್ರಿ. ಲೂಕನ ಸುವಾರ್ತೆಯಲ್ಲಿ 24 ಅಧ್ಯಾಯ. ಡಿಸೆಂಬರ್ 1ಕ್ಕೆ ಮೊದಲನೇದು, 24ಕ್ಕೆ ಕೊನೆಯದು. ದಿನಕ್ಕೊಂದು, ರಾತ್ರಿ ಊಟದ ಹೊತ್ತಿಗೆ, ಒಬ್ಬರು ಓದುವುದು. ತಪ್ಪಿದರೆ ಮರುದಿನ ಎರಡು ಓದುವ ಹಟ ಬೇಡ, ಆ ದಿನದ್ದೇ ಓದಿ ಮುಂದೆ ಹೋಗುವುದು.

ಇದರಲ್ಲಿ ಏನಾಗುತ್ತದೆ ಅಂದರೆ ಹುಟ್ಟಿದ ಕತೆ ಎರಡನೇ ದಿನಕ್ಕೇ ಮುಗಿಯುತ್ತದೆ. ಆಮೇಲೆ ಆ ಕೂಸು ದೊಡ್ಡವನಾಗಿ ಏನು ಮಾಡಿದ ಅನ್ನುವುದೇ. ಕುಷ್ಠರೋಗಿಯನ್ನು ಮುಟ್ಟಿದ್ದು, ಸುಂಕದವರ ಜೊತೆ ಉಂಡಿದ್ದು, ಶ್ರೀಮಂತನ ಬಾಗಿಲಲ್ಲಿ ಬಿದ್ದ ಲಾಜರನ ಕತೆ. 23ಕ್ಕೆ ಶಿಲುಬೆ. 24ರ ರಾತ್ರಿ ಎಮ್ಮಾವಿನ ದಾರಿ, ಎದ್ದುಬಂದ ಯೇಸುವನ್ನು ರೊಟ್ಟಿ ಮುರಿದಾಗ ಶಿಷ್ಯರು ಗುರುತು ಹಿಡಿದದ್ದು. ತೊಟ್ಟಿಲಿನ ಕೂಸಿನ ಹತ್ತಿರವೇ ನಿಂತುಬಿಡುವ ಹಬ್ಬ ನನಗೆ ಯಾವಾಗಲೂ ಸ್ವಲ್ಪ ಸುಲಭದ್ದು ಅನ್ನಿಸುತ್ತದೆ. ಕೂಸು ಏನೂ ಕೇಳುವುದಿಲ್ಲ, ದೊಡ್ಡವನಾದವನು ಕೇಳುತ್ತಾನೆ.

ಎರಡನೇ ಅಧ್ಯಾಯದಲ್ಲಿ ಒಂದು ಸಣ್ಣ ಸಂಗತಿ ಇದೆ, ಹಬ್ಬದ ಖರ್ಚಿನ ಮಾತು ಬಂದಾಗ ನಮ್ಮ ಅಪ್ಪ ಅದನ್ನೇ ತೆಗೆಯುತ್ತಿದ್ದರು. ಕೂಸನ್ನು ದೇವಾಲಯಕ್ಕೆ ತಂದಾಗ ಮರಿಯಳೂ ಯೋಸೇಫನೂ ಕೊಟ್ಟ ಕಾಣಿಕೆ ಒಂದು ಜೋಡಿ ಪಕ್ಷಿ. ಯಾಜಕಕಾಂಡ 12:8 ನೋಡ್ರಿ, ಕುರಿಮರಿ ಕೊಡುವ ಶಕ್ತಿ ಇಲ್ಲದವರಿಗೆ ಹೇಳಿದ ಕಾಣಿಕೆ ಅದು. "ಅವರೇ ಸಾಲ ಮಾಡಿ ಕುರಿ ತರಲಿಲ್ಲ, ನೀವ್ಯಾಕೆ ಸಾಲ ಮಾಡಿ ಸೀರೆ ತರ್ತೀರಿ" ಅನ್ನುತ್ತಿದ್ದರು. ಅಮ್ಮನಿಗೆ ಈ ವಚನ ಕೇಳಿದರೇ ಆಗುತ್ತಿರಲಿಲ್ಲ.

ಕ್ಯಾರಲ್ ಬಗ್ಗೆ: ನಮ್ಮ ತಂಡದಲ್ಲಿ ಸಾಂಟಾ ಇಲ್ಲ. ಮೊದಲು ಹೋಗುವುದು ಹಾಸಿಗೆ ಹಿಡಿದವರ ಮನೆಗೆ, ಚರ್ಚಿಗೆ ಬರಲು ಆಗದವರ ಮನೆಗೆ. ಕನ್ನಡದ ಹಳೇ ಕೀರ್ತನೆಯೇ ಹಾಡುವುದು, ಅವರಿಗೆ ಅದೇ ಗೊತ್ತು, ಅವರೂ ದನಿ ಕೂಡಿಸುತ್ತಾರೆ.

ಹೇಮಾವತಿ_ದಂಡೆ:

ಇಷ್ಟೆಲ್ಲ ಬರೆದಿದ್ದೀರಿ, ಎಲ್ಲರಿಗೂ ಥ್ಯಾಂಕ್ಸ್. ಗಂಡನಿಗೆ ಓದಿ ಹೇಳಿದೆ. ಬೆಳಿಗ್ಗೆ ಪೂಜೆಗೆ ಅವರು ತಕ್ಷಣ ಒಪ್ಪಿದರು. ನೆವ್ರಿ ಮಡಚುವ ಭಾಗ ಬಂದಾಗ ಫೋನ್ ಬಂತು ಅಂತ ಎದ್ದು ಹೋದರು.

ಸದ್ಯಕ್ಕೆ ಹೀಗೆ ಅಂದುಕೊಂಡಿದ್ದೇವೆ. ಕ್ಯಾರಲ್ ಸ್ಪರ್ಧೆಗೆ ಈ ಸಲ ನಾನು ಸೇರುವುದಿಲ್ಲ, ಮನೆಮನೆ ಕ್ಯಾರಲ್‌ಗೆ ಮಾತ್ರ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಕೂಪನ್ ಪುಸ್ತಕ ವಾಪಸ್, ಅದರ ಬದಲು ನನ್ನ ಕೈಲಾದಷ್ಟು ಹಣ ಕೊಟ್ಟುಬಿಡುತ್ತೇನೆ. ಲೂಕನ ಅಧ್ಯಾಯ ಪೂರ್ತಿ ಓದಿದರೆ ಚಿಕ್ಕವನು ಕೂರುವುದಿಲ್ಲ, ಕೆಲವು ಬಹಳ ಉದ್ದ ಇವೆ. ಒಂದು ಕತೆ ಆರಿಸಿಕೊಂಡು ಓದಿದರೆ ಆಗುತ್ತದೆ ಅಲ್ವಾ? ತಾರೀಖು ಬದಲಿಸುವ ಮಾತು ಫಾದರ್ ಹತ್ತಿರ ಎತ್ತಿದೆ. "ಮುಂದಿನ ವರ್ಷ ನೋಡೋಣ" ಅಂದರು. ಅದರ ಅರ್ಥ ನಿಮಗೆಲ್ಲ ಗೊತ್ತಿರುತ್ತದೆ.

ಮನೆಯಲ್ಲಿ ಸಣ್ಣ ಗೋದಲಿ ಇಡುತ್ತೇವೆ. ಅತ್ತೆಗೆ ಅದರಲ್ಲಿ ರಾಗಿ ಪೈರು ಬೇಕೇ ಬೇಕಂತೆ, ಊರಲ್ಲಿ ಹಾಗೇ ಇಡುತ್ತಿದ್ದರು. ನಾನು ಹಿಂದೆ ಹಾಕಿದ್ದು ಹಬ್ಬದ ಹೊತ್ತಿಗೆ ಹಳದಿ ಬಣ್ಣಕ್ಕೆ ತಿರುಗಿ ಮಲಗಿಬಿಟ್ಟಿತ್ತು. ಯಾವಾಗ ಬಿತ್ತಬೇಕು?

ನಿವೃತ್ತ_ಉಪದೇಶಿ:

ಒಂದು ಕತೆ ಓದಿದರೆ ಧಾರಾಳವಾಗಿ ಆಗುತ್ತದಮ್ಮ.

ರಾಗಿಯನ್ನು ಡಿಸೆಂಬರ್ 13ರ ಸುಮಾರಿಗೆ ಬಿತ್ತಿ. ಅದು ಸಂತ ಲೂಸಿಯ ಹಬ್ಬ, ನೆನಪಿಟ್ಟುಕೊಳ್ಳಲು ಸುಲಭ. ಕ್ರೊಯೇಷಿಯಾದವರು ಅದೇ ದಿನ ತಟ್ಟೆಯಲ್ಲಿ ಗೋಧಿ ಬಿತ್ತುತ್ತಾರೆ, ಕ್ರಿಸ್ಮಸ್‌ಗೆ ಹಸಿರಾಗಿ ನಿಲ್ಲಲಿ ಅಂತ. ಹಿಂದಿನ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಕಣ್ಣು ಬಿಟ್ಟ ಮೇಲೆ ತೆಳುವಾದ ಮಣ್ಣಿನ ಮೇಲೆ ಉದುರಿಸಿ. ನೀರು ಚಿಮುಕಿಸಬೇಕು, ಸುರಿಯಬಾರದು. ಹಳದಿ ಆಗಿದ್ದು ಬೆಳಕು ಸಾಲದೆ ಇರಬೇಕು, ಕಿಟಕಿ ಹತ್ತಿರ ಇಡಿ. ನೀರು ಹಾಕುವ ಕೆಲಸ ಚಿಕ್ಕವನಿಗೆ ಕೊಡಿ. ಬಾಲಯೇಸುವಿನ ಬೊಂಬೆಯನ್ನು 24ರವರೆಗೆ ಅತ್ತೆಯ ಹತ್ತಿರ ಬಚ್ಚಿಡಲು ಹೇಳಿ, ರಾತ್ರಿ ಅವರೇ ತಂದು ಇಡಲಿ. ರಾಜರನ್ನು ಟಿವಿ ಪಕ್ಕದಿಂದ ಹೊರಡಿಸಿ. ದಿನಾ ಸ್ವಲ್ಪ ಸ್ವಲ್ಪ ಮುಂದೆ ಸರಿಸುತ್ತಾ ಜನವರಿಗೆ ತಲುಪಿಸುವುದು ಮಗಳ ಜವಾಬ್ದಾರಿ.

ಕುಡ್ಲದ_ಬಾಯಮ್ಮ:

ಪೈರು ಆಯಿತು, ರಾಜರು ಆಯಿತು. ನೆವ್ರಿ ವಿಷಯಕ್ಕೆ ಮಾತ್ರ ಇಲ್ಲಿರುವ ಒಬ್ಬ ಗಂಡಸೂ ಬಾಯಿ ಬಿಟ್ಟಿಲ್ಲ, ಗಮನಿಸಿದ್ದೇನೆ.

ಮಾಜಿ_ಯುವಕ:

ಬಾಯಮ್ಮ, ಹೂರಣಕ್ಕೆ ತೆಂಗಿನಕಾಯಿ ಹಸಿಯದು ಹಾಕಬೇಕಾ, ಹುರಿದದ್ದಾ? ಹೇಳಿ, ಈ ಭಾನುವಾರವೇ ಮಾಡುತ್ತೇನೆ. ಫೋಟೋ ಹಾಕದಿದ್ದರೆ ಕೇಳಿ.